ಸಿಟಿ ಸ್ಕ್ಯಾನ್ ಬಿಟ್ಟು ಎಂಆರ್‌ಐ ಮೇಲೇ ರೇಡಿಯೋಥೆರಪಿ (ವಿಕಿರಣ ಚಿಕಿತ್ಸೆ) ಪ್ಲಾನಿಂಗ್: ಕೆಲವು ವರ್ಷ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4 (ಪ್ರಾಸ್ಟೇಟ್‌ಗೆ ಮಾತ್ರ)

ನಾನು ಸ್ವೀಡನ್ನಿನ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್, ಅಂದರೆ ವಿಕಿರಣದ ಡೋಸ್, ಪ್ಲಾನ್ ನೋಡಿಕೊಳ್ಳುವ ಕೆಲಸ. ಇಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಹೆಚ್ಚಿನವರಿಗೆ ನಾವೀಗ ಪ್ಲಾನಿಂಗ್ ಸಿಟಿ (ವಿಕಿರಣ ಎಲ್ಲಿಗೆ, ಎಷ್ಟು ಎಂದು ಲೆಕ್ಕ ಹಾಕಲು ತೆಗೆಯುವ ಸಿಟಿ ಸ್ಕ್ಯಾನ್) ಮಾಡುವುದಿಲ್ಲ. ಎಂಆರ್‌ಐ ಒಂದೇ ಸಾಕು. ಇದಕ್ಕೆ ಫಿಲಿಪ್ಸ್‌ನ ಎಂಆರ್‌ಕ್ಯಾಟ್, ಇಲ್ಲಿಯದೇ ಆದ ಸ್ಪೆಕ್ಟ್ರಾನಿಕ್‌ನ ಎಂಆರ್‌ಐಪ್ಲಾನರ್ ಥರದ ಸಾಫ್ಟ್‌ವೇರ್‌ಗಳಿವೆ. ನಾನು ಬರೆಯುತ್ತಿರುವುದು ಯಾವುದೋ ಒಂದು ಬ್ರ್ಯಾಂಡ್ ಬಗ್ಗೆ ಅಲ್ಲ, ಈ ಪದ್ಧತಿಯ ಬಗ್ಗೆ.

ಸಿಟಿಯಲ್ಲಿ ಪ್ರಾಸ್ಟೇಟ್‌ನ ಅಂಚು ಸರಿಯಾಗಿ ಕಾಣುವುದಿಲ್ಲ. ಸುತ್ತಲಿನ ಸ್ನಾಯು, ಮೂತ್ರಕೋಶದ ಬುಡ ಎಲ್ಲ ಒಂದೇ ಬೂದು. ಡಾಕ್ಟರು ಅನುಮಾನ ಬಂದಲ್ಲಿ ಗೆರೆಯನ್ನು ಸ್ವಲ್ಪ ಆಚೆಗೇ ಎಳೆಯುತ್ತಾರೆ. ಅದಕ್ಕೇ ಎಷ್ಟೋ ಕಡೆ ಎರಡೂ ಸ್ಕ್ಯಾನ್ ಮಾಡಿ, ಎಂಆರ್‌ಐಯನ್ನು ಸಿಟಿ ಮೇಲೆ ಕೂರಿಸುತ್ತಾರೆ. ತೊಂದರೆ ಇರುವುದು ಈ ಫ್ಯೂಷನ್‌ನಲ್ಲೇ. ಒಂದು ಸ್ಕ್ಯಾನ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೂತ್ರಕೋಶ ತುಂಬಿರುತ್ತದೆ, ಗುದನಾಳದಲ್ಲಿ ಗ್ಯಾಸ್ ಸೇರಿರುತ್ತದೆ, ಪ್ರಾಸ್ಟೇಟ್ ಜರುಗಿರುತ್ತದೆ. 2 ಮಿಲಿಮೀಟರ್ ಹೊಂದದೇ ಇರುವುದು ಅಪರೂಪವೇನಲ್ಲ.

ದಿನದಿನದ ಅಲುಗಾಟ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಆಗಿ ಸರಿದೂಗುತ್ತದೆ. ಪ್ಲಾನ್ ಒಳಗೆ ಸೇರಿಕೊಂಡ ತಪ್ಪು ಹಾಗಲ್ಲ. ಚಿಕಿತ್ಸೆ ಮುಗಿಯುವವರೆಗೂ ಅದು ಒಂದೇ ದಿಕ್ಕಿಗಿರುತ್ತದೆ. 2019ರಲ್ಲಿ ಪ್ರಕಟವಾದ ಹೈಪೋ-ಆರ್‌ಟಿ-ಪಿಸಿ ಅಧ್ಯಯನ ಬಂದ ಮೇಲೆ 7 ಸಲಕ್ಕೇ 42.7 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ಕೊಟ್ಟು ಮುಗಿಸುವ ದಾರಿ ತೆರೆಯಿತು. ಒಂದು ಸಲಕ್ಕೆ 6.1 ಗ್ರೇ ಬೀಳುವಾಗ 2 ಮಿಲಿಮೀಟರ್ ಅಂದರೆ ಸುಮ್ನೆ ಬಿಡುವ ಮಾತಲ್ಲ. ಫ್ಯೂಷನ್ನೇ ಇಲ್ಲದಿದ್ದರೆ ಆ ತಪ್ಪಿಗೆ ಜಾಗವೂ ಇಲ್ಲ. ನನಗೆ ಈ ಪದ್ಧತಿ ಇಷ್ಟವಾಗಿರುವುದು ಇದಕ್ಕೇ. ಒಂದು ಸ್ಕ್ಯಾನ್ ಉಳಿಯಿತು ಅನ್ನುವುದು ಆಮೇಲಿನ ಮಾತು.

ಡೋಸ್ ಲೆಕ್ಕ ಸರಿಯಾಗಿ ಬರುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಡೋಸ್ ಲೆಕ್ಕಕ್ಕೆ ಬೇಕಾದ ಎಲೆಕ್ಟ್ರಾನ್ ಸಾಂದ್ರತೆ ಎಂಆರ್‌ಐಯಿಂದ ನೇರವಾಗಿ ಸಿಗುವುದಿಲ್ಲ. ಗಟ್ಟಿ ಮೂಳೆಯೂ ಕಪ್ಪು, ಗಾಳಿಯೂ ಕಪ್ಪು. ಸಾಫ್ಟ್‌ವೇರ್ ಯಾವುದು ಮೂಳೆ, ಯಾವುದು ಕೊಬ್ಬು ಎಂದು ಬೇರ್ಪಡಿಸಿ, ಸಿಟಿಯಂಥ ಒಂದು ಚಿತ್ರ ಮಾಡಿಕೊಡುತ್ತದೆ. ಅದೇ ಸಿಂಥೆಟಿಕ್ ಸಿಟಿ. 170 ರೋಗಿಗಳ ಮೇಲೆ ನಡೆದ ಎಂಆರ್-ಒಪೆರಾ ಅಧ್ಯಯನದಲ್ಲಿ ನಿಜವಾದ ಸಿಟಿಗೂ ಇದಕ್ಕೂ ಸರಾಸರಿ ಡೋಸ್ ವ್ಯತ್ಯಾಸ 0.3 ಶೇಕಡಾ ಒಳಗೇ ಇತ್ತು. ನಮ್ಮಲ್ಲೂ ಡೋಸ್ ಯಾವತ್ತೂ ತಲೆನೋವಾಗಿಲ್ಲ.

ತಲೆನೋವು ಚಿನ್ನದ ಮಾರ್ಕರ್‌ಗಳದ್ದು. ಲೀನಾಕ್ (ವಿಕಿರಣ ಕೊಡುವ ಯಂತ್ರ) ಮೇಲೆ ರೋಗಿಯನ್ನು ಹೊಂದಿಸಲು ಪ್ರಾಸ್ಟೇಟ್ ಒಳಗೆ ಸಾಮಾನ್ಯವಾಗಿ 3 ಮಾರ್ಕರ್ ಹಾಕಿರುತ್ತಾರೆ. ಸಿಟಿಯಲ್ಲಿ ಅವು ಬೆಳ್ಳಗೆ ಹೊಳೆಯುತ್ತವೆ. ಎಂಆರ್‌ಐನಲ್ಲಿ ಬರೀ ಕಪ್ಪು ಚುಕ್ಕೆ. ಕ್ಯಾಲ್ಸಿಯಂ ಕಟ್ಟಿದ ಜಾಗವೂ ಹಾಗೇ ಕಾಣುತ್ತದೆ. ತಪ್ಪು ಚುಕ್ಕೆ ಗುರುತಿಸಿದರೆ ಗಳಿಸಿದ್ದೆಲ್ಲ ಹೋಯಿತು. ಹಾಗಾಗಿ ಮಾರ್ಕರ್‌ಗೆಂದೇ ಬೇರೆ ಸೀಕ್ವೆನ್ಸ್ (ಬೇರೆ ಸೆಟ್ಟಿಂಗ್‌ನ ಎಂಆರ್‌ಐ ಚಿತ್ರ) ತೆಗೆಯುತ್ತೇವೆ, ಇಬ್ಬರು ಬೇರೆ ಬೇರೆಯಾಗಿ ಗುರುತಿಸುತ್ತೇವೆ, ಅನುಮಾನ ಉಳಿದರೆ ಸಿಟಿಗೇ ಕಳಿಸುತ್ತೇವೆ. ಇದಕ್ಕೇ ಒಂದು ಅಂಕ ಕಡಿಮೆ ಕೊಟ್ಟಿದ್ದೇನೆ.

ಸೊಂಟದ ಕೀಲು ಬದಲಾಯಿಸಿದವರಿಗೆ ಇದು ಆಗಿಬರುವುದಿಲ್ಲ, ಲೋಹದ ಸುತ್ತ ಚಿತ್ರ ಕೆಡುತ್ತದೆ. ಪೇಸ್‌ಮೇಕರ್ ಇದ್ದವರಿಗೂ ಹೆಚ್ಚಾಗಿ ಸಿಟಿಯೇ. ಮುಚ್ಚಿದ ಜಾಗಕ್ಕೆ ಹೆದರುವವರಿಗೆ ಕಷ್ಟ, ಯಾಕಂದರೆ ಸಿಟಿ ಕ್ಷಣದಲ್ಲಿ ಮುಗಿದರೆ ಇಲ್ಲಿ ಜಾಸ್ತಿ ಹೊತ್ತು ಅಲುಗಾಡದೆ ಮಲಗಬೇಕು.

ಊರಿನ ಗೆಳೆಯರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡುವವರು, "ನಾವೂ ತಗೊಳ್ಳಬಹುದಾ?" ಎಂದು ಕೇಳುತ್ತಾರೆ. ಸಾಫ್ಟ್‌ವೇರ್ ಬೆಲೆ ನೋಡುವ ಮೊದಲು ಎಂಆರ್‌ಐ ಸ್ಲಾಟ್ ನೋಡಿ. ರೇಡಿಯಾಲಜಿಯವರ ಕ್ಯೂನಲ್ಲಿ ನಿಮ್ಮ ರೋಗಿ ವಾರಗಟ್ಟಲೆ ಕಾಯಬೇಕಾದರೆ ಈಗ ಬೇಡ, ಸಿಟಿಯೇ ವಾಸಿ. ಸ್ಲಾಟ್ ಇದ್ದರೆ ಫ್ಲಾಟ್ ಟೇಬಲ್, ಕಾಯಿಲ್ (ಮೈಮೇಲಿಡುವ ಎಂಆರ್‌ಐ ಆಂಟೆನಾ) ಹೊಟ್ಟೆಯನ್ನು ಒತ್ತದಂತೆ ಎತ್ತಿ ಹಿಡಿಯುವ ಸ್ಟ್ಯಾಂಡ್, ಗೋಡೆಯ ಲೇಸರ್, ಚಿತ್ರ ಎಷ್ಟು ಸೊಟ್ಟಗಾಗಿದೆ (ಡಿಸ್ಟಾರ್ಶನ್) ಎಂದು ಅಳೆಯುವ ಫ್ಯಾಂಟಮ್ ಎಂಬ ಪರೀಕ್ಷಾ ಸಾಧನ, ಇವನ್ನೆಲ್ಲ ಮೊದಲ ಕೊಟೇಶನ್‌ನಲ್ಲೇ ಸೇರಿಸಿಕೊಳ್ಳಿ. ಮೊದಲ ಕೆಲವು ತಿಂಗಳು ಸಿಟಿಯನ್ನೂ ಜೊತೆಗೆ ತೆಗೆದು, ಎರಡರ ಪ್ಲಾನ್‌ಗಳನ್ನೂ ಹೋಲಿಸಿ ನೋಡಿಕೊಂಡು ಆಮೇಲೆ ಸಿಟಿ ಬಿಡಿ.