ಹಾಸನದಲ್ಲಿ ಬೈಕಿಗೆ ಬ್ಯಾಟರಿ ಹಾಕಿಸುವವರು ಓದಿ: ಹಾಕದ ಕಾಯಿಲ್‌ಗೆ ನನ್ನ ಹತ್ತಿರ ದುಡ್ಡು ಕಿತ್ತರು

ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಬರೆಯೋಕೆ ಕೈ ತುರಿಸುತ್ತಿದೆ, ಆದರೆ ದೂರು ಕೊಟ್ಟಿದ್ದೇನೆ, ಅದು ಒಂದು ದಾರಿಗೆ ಬರಲಿ. ಹಾಸನದ ಒಳಗೇ ಇದೆ. ಯಾವ ಹೊತ್ತಿಗೆ ಹೋದರೂ ಮುಂದೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಆ ರಶ್ ನೋಡಿಯೇ ನಾನೂ ಹೋಗಿದ್ದು.

ನನ್ನದು ನೂರೈವತ್ತು ಸಿಸಿ ಗಾಡಿ, ಕಿಕ್ಕರ್ ಇಲ್ಲ, ಸೆಲ್ಫ್ ಒಂದೇ. ಬೆಳಗ್ಗೆ ಬಟನ್ ಒತ್ತಿದರೆ ಬರೀ ಟಕಟಕ ಅನ್ನುತ್ತಿತ್ತು. ತಳ್ಳಿ ಸ್ಟಾರ್ಟ್ ಮಾಡಿಕೊಂಡು ಹೋದೆ. ಹುಡುಗ ಹಾರ್ನ್ ಒತ್ತಿದ, ಇಂಡಿಕೇಟರ್ ಹಾಕಿದ, "ಬ್ಯಾಟರಿ ಡೆಡ್ಡಾಗೈತೆ ಸಾರ್" ಅಂದ. ಓನರ್ ಕೂತಲ್ಲಿಂದಲೇ "ಚೇಂಜ್ ಮಾಡ್ಬಿಡು" ಅಂದ. ಅಷ್ಟೇ. ಮೀಟರ್ ಇಡಲಿಲ್ಲ. ಎಂಜಿನ್ ಓಡುವಾಗ ಚಾರ್ಜಿಂಗ್ ಎಷ್ಟು ಬರುತ್ತಿದೆ ಅಂತ ನೋಡಲಿಲ್ಲ. ಹೊಸ ಬ್ಯಾಟರಿಗೆ ಎರಡು ಸಾವಿರದ ಹತ್ತಿರ ಆಯಿತು. ಹಳೇದನ್ನು ಅವರೇ ಇಟ್ಟುಕೊಂಡರು, ಅದಕ್ಕೆ ಒಂದು ರೂಪಾಯಿ ಇಳಿಸಲಿಲ್ಲ. ಒಳಗೆ ಸೀಸ ಇರುವ ವಸ್ತು ರೀ ಅದು, ಗುಜರಿಗೆ ಹಾಕಿದರೂ ದುಡ್ಡು.

ತಿಂಗಳು ತುಂಬುವ ಮೊದಲೇ ಮತ್ತೆ ಅದೇ ಟಕಟಕ.

ವಾಪಸ್ ಹೋದೆ. ಓನರಿನ ಮೊದಲ ಮಾತೇ "ಏನಾದ್ರೂ ಎಲ್‌ಇಡಿ ಗಿಲ್‌ಇಡಿ ಹಾಕ್ಸಿದ್ದೀರಾ?" ಹಾಕಿಸಿಲ್ಲ ಅಂದೆ. "ಹಂಗಾದ್ರೆ ಗಾಡಿ ಓಡ್ಸೋದು ಕಮ್ಮಿ ಅನ್ಸುತ್ತೆ." ದಿನಾ ಆಲೂರಿಂದ ಹಾಸನಕ್ಕೆ ಬಂದು ಹೋಗುತ್ತೇನೆ, ಎಲ್ಲಿ ಕಮ್ಮಿ? ಅದಕ್ಕೂ ತಲೆ ಆಡಿಸಿ "ಹಂಗಾದ್ರೆ ಮ್ಯಾಗ್ನೆಟ್ ಕಾಯಿಲ್ ಹೋಗೈತೆ" ಅಂದ. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗ ಅದು. ನೋಡಿ, ಈಗಲೂ ಮೀಟರ್ ಕೈಗೆ ಬಂದಿಲ್ಲ! ಕಾಯಿಲ್, ಅದರ ಕವರಿಗೆ ಹಾಕುವ ಗ್ಯಾಸ್ಕೆಟ್, ಲೇಬರ್ ಸೇರಿ ಮೂರೂವರೆ ಸಾವಿರ. ಗಾಡಿ ಬಿಟ್ಟು ಹೋಗಿ, ಸಾಯಂಕಾಲ ಬನ್ನಿ ಅಂದ. ಸಾಯಂಕಾಲ ಹೋದಾಗ ಗಾಡಿ ಒಂದೇ ಬಟನ್ನಿಗೆ ಸ್ಟಾರ್ಟ್ ಆಯಿತು. ಆಗದೆ ಇನ್ನೇನು, ಬ್ಯಾಟರಿಯನ್ನು ಮಧ್ಯಾಹ್ನವೆಲ್ಲ ಚಾರ್ಜರಿಗೆ ಹಾಕಿಟ್ಟಿದ್ದನಲ್ಲ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಹಳೇ ಕಾಯಿಲ್ ಕೊಡಿ ಅಂದೆ. "ಅಯ್ಯೋ ಗುಜರಿಯವ್ನು ಈಗ ತಾನೆ ತಗೊಂಡ್ ಹೋದ ಸಾರ್."

ಆಮೇಲೊಂದು ದಿನ ಸಕಲೇಶಪುರಕ್ಕೆ ಹೊರಟವನ ಗಾಡಿ ಬಾಳ್ಳುಪೇಟೆ ಹತ್ತಿರ ಆಫ್ ಆಯಿತು. ಮಳೆ ಬೇರೆ. ರಸ್ತೆ ಬದಿಯ ಒಂದು ಸಣ್ಣ ಶೆಡ್ಡಿಗೆ ತಳ್ಳಿಕೊಂಡು ಹೋದೆ. ವಯಸ್ಸಾದ ಮೆಕ್ಯಾನಿಕ್. ಅವರು ಮಾಡಿದ ಮೊದಲ ಕೆಲಸ ಮಲ್ಟಿಮೀಟರ್ ತೆಗೆದದ್ದು. ಫುಲ್ ಚಾರ್ಜ್ ಇರುವ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸಬೇಕು, ನನ್ನದು 11.7. ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದರು, ವೈರ್ ತೆಗೆದರು, ರೇಸ್ ಕೊಟ್ಟರು. ಆಗ 13.5ರಿಂದ 14.5ರವರೆಗೆ ಏರಬೇಕು. 12.2 ದಾಟಲೇ ಇಲ್ಲ. "ಬ್ಯಾಟರಿಗೆ ಚಾರ್ಜೇ ಹೋಗ್ತಿಲ್ವಲ್ಲಪ್ಪ, ಅದೇನ್ ಮಾಡ್ತದೆ ಪಾಪ" ಅಂದರು. ಈಗಿನ ಗಾಡಿಗಳಲ್ಲಿ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೇ ಇಲ್ಲ, 2017ರಿಂದ ಹಗಲೂ ಉರಿಯಲೇಬೇಕು ಅಂತ ರೂಲ್ಸ್. ಬರುವುದು ಕಮ್ಮಿ, ಹೋಗುವುದು ಜಾಸ್ತಿ. ಬೋರಿನ ಮೋಟಾರ್ ಸುಟ್ಟಿರುವಾಗ ಹೊಸ ಟ್ಯಾಂಕ್ ತಂದು ಕೂರಿಸಿದ ಹಾಗಾಗಿತ್ತು ನನ್ನ ಎರಡು ಸಾವಿರ.

ಆಮೇಲೆ ಆರ್‌ಆರ್ ಯೂನಿಟ್ಟಿನ (ಕಾಯಿಲಿನ ಕರೆಂಟನ್ನು ಬ್ಯಾಟರಿಗೆ ಹೊಂದುವ ಹಾಗೆ ಮಾಡಿ ಕಳಿಸುವ ರೆಗ್ಯುಲೇಟರ್) ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್, ಎಳೆದರು. ಕಾಯಿಲಿನಿಂದ ಮೂರು ಹಳದಿ ವೈರ್ ಬಂದು ಸೇರುವ ಜಾಗ. ಒಂದು ಪಿನ್ ಸುಟ್ಟು ಕರಕಲಾಗಿತ್ತು, ಪ್ಲಾಸ್ಟಿಕ್ ಕರಗಿ ಹೋಗಿತ್ತು. ಕಣ್ಣಿಗೆ ಕಾಣುವ ಫಾಲ್ಟ್! ಆ ಮೂರು ವೈರನ್ನು ಎರಡೆರಡಾಗಿ ಹಿಡಿದು ಎಸಿ ವೋಲ್ಟೇಜ್ ನೋಡಿದರು. ಮೂರು ಜೋಡಿಯಲ್ಲೂ ಒಂದೇ ಸಮ, ರೇಸ್ ಕೊಟ್ಟಷ್ಟೂ ಏರುತ್ತದೆ. ಎಂಜಿನ್ನಿನ ಲೋಹಕ್ಕೆ ಎಲ್ಲೂ ಶಾರ್ಟ್ ಆಗಿಲ್ಲ. "ಕಾಯಿಲ್ ಚೆನ್ನಾಗೈತೆ" ಅಂದರು. ಇರಲೇಬೇಕಲ್ಲ, ಮೊನ್ನೆ ತಾನೆ ಹೊಸದು ಹಾಕಿಸಿದ್ದೇನೆ ಅಂದೆ.

ಅವರು ಬಗ್ಗಿ ಎಡಗಡೆಯ ಮ್ಯಾಗ್ನೆಟ್ ಕವರ್ ನೋಡಿದರು. ಬಟ್ಟೆಯಲ್ಲಿ ಒರೆಸಲೂ ಇಲ್ಲ, ಹಾಗೇ ನೋಡಿದರು. "ಯಾರು ಬಿಚ್ಚಿದ್ದು ಇದನ್ನ?"

ನಾನೂ ಕೂತು ನೋಡಿದೆ. ಬೋಲ್ಟಿನ ತಲೆಯಲ್ಲಿ ವರ್ಷಗಟ್ಟಲೆ ಹಳೇ ಮಣ್ಣು ಗಟ್ಟಿಯಾಗಿ ಕೂತಿದೆ, ಅದರ ಮೇಲೆ ತುಕ್ಕು. ಒಂದಕ್ಕೂ ಸ್ಪ್ಯಾನರ್ ತಾಗಿದ ಗುರುತಿಲ್ಲ. ಕಾಯಿಲ್ ಇರುವುದು ಆ ಕವರಿನ ಒಳಗೆ. ಅದನ್ನು ಬಿಚ್ಚದೆ ಕಾಯಿಲ್ ಬದಲಾಯಿಸೋಕೆ ಆಗುವುದೇ ಇಲ್ಲ. ಬಿಚ್ಚಿಯೇ ಇಲ್ಲ! ಮೂರೂವರೆ ಸಾವಿರ ತಗೊಂಡು ಒಂದು ಬೋಲ್ಟ್ ಸಡಿಲ ಮಾಡಿಲ್ಲ. ಮಳೆಗೆ ನಿಂತಿದ್ದ ನಾಲ್ಕು ಜನ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಒಬ್ಬ ನಕ್ಕ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅಲ್ಲಿಂದಲೇ ಹಾಸನಕ್ಕೆ ಫೋನ್ ಮಾಡಿದೆ. ಕವರ್ ಬಿಚ್ಚಿಲ್ಲವಲ್ರೀ ಅಂದರೆ "ಅದು ಆ ಕಾಯಿಲ್ ಅಲ್ಲ ಸಾರ್, ಬೇರೆ ಕಾಯಿಲ್." ಯಾವ ಕಾಯಿಲ್? "ಅದು ಟೆಕ್ನಿಕಲ್ಲು, ನಿಮ್ಗೆ ಹೇಳಿದ್ರೆ ಅರ್ಥ ಆಗಲ್ಲ." ಗ್ಯಾಸ್ಕೆಟ್ಟಿಗೂ ದುಡ್ಡು ತಗೊಂಡಿದ್ದೀರಲ್ಲ? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಬೇರೆ ಕಡೆ ಕೈ ಹಾಕ್ಸಿದ್ದೀರಲ್ಲ, ಇನ್ನು ನಮ್ ಗ್ಯಾರಂಟಿ ಇಲ್ಲ" ಅಂತ ಇಟ್ಟ. ಗ್ಯಾರಂಟಿ! ಮನೆಗೆ ಬಂದು ಬ್ಯಾಟರಿಯ ವಾರಂಟಿ ಕಾರ್ಡ್ ತೆಗೆದರೆ ತಾರೀಖಿಲ್ಲ, ಸೀರಿಯಲ್ ನಂಬರ್ ಇಲ್ಲ, ಸೀಲ್ ಇಲ್ಲ. ಬಿಲ್ ಅಂತ ಕೊಟ್ಟ ಚೀಟಿಯಲ್ಲಿ "ಕಾಯಿಲ್ ಕೆಲಸ" ಅಂತಿದೆ, ಅಂಗಡಿಯ ಹೆಸರೇ ಇಲ್ಲ.

ಬಾಳ್ಳುಪೇಟೆಯವರು ಆರ್‌ಆರ್ ಯೂನಿಟ್ ಮತ್ತು ಕಪ್ಲರ್ ಹಾಕಿದರು, ಬ್ಯಾಟರಿ ಚಾರ್ಜ್ ಮಾಡಿಕೊಟ್ಟರು. ರೇಸ್ ಕೊಟ್ಟರೆ ಈಗ 14.1. ಸುಟ್ಟ ಕಪ್ಲರನ್ನು ಕೇಳದೆಯೇ ಕೈಗೆ ಕೊಟ್ಟರು.

ನೀವು ಮಾಡಬೇಕಾದ್ದು ಇಷ್ಟೇ. ಬ್ಯಾಟರಿ ಹೋಗಿದೆ ಅಂದರೆ ಎಂಜಿನ್ ಆಫ್ ಇದ್ದಾಗ ಒಂದು ಸಲ, ರೇಸ್‌ನಲ್ಲಿ ಒಂದು ಸಲ ಮೀಟರ್ ಇಡಿಸಿ, ನಂಬರ್ ನೀವೇ ಓದಿ. ರೇಸ್‌ನಲ್ಲಿ 15 ದಾಟಿದರೂ ರೆಗ್ಯುಲೇಟರ್ ಕೆಟ್ಟಿದೆ ಅಂತಲೇ, ಹೊಸ ಬ್ಯಾಟರಿ ಅದಕ್ಕೂ ಬಲಿ. ಮೀಟರ್ ಇಲ್ಲ ಅಂದರೆ ಗಾಡಿ ತಿರುಗಿಸಿ. ಒಳ್ಳೇದೊಂದು ಮೀಟರ್ ನೀವೇ ಕೊಂಡರೂ ನನ್ನ ನಷ್ಟದ ಕಾಲು ಭಾಗ ಆಗಲ್ಲ. ಕಾಯಿಲ್ ಅಂದರೆ ಕವರ್ ಬಿಚ್ಚುವಾಗ ಅಲ್ಲೇ ನಿಂತಿರಿ, ಆಗದಿದ್ದರೆ ಬೋಲ್ಟಿಗೆ ವೈಟ್ನರ್ ಗುರುತು ಹಾಕಿ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಸಾಮಾನು ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಗುಜರಿಯವನ ಕತೆ ಎಲ್ಲರಿಗೂ ಹೇಳುತ್ತಾರಂತೆ, ಈಗ ಗೊತ್ತಾಗುತ್ತಿದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಬೋಲ್ಟಿನ ಫೋಟೋ, ದುಡ್ಡು ಹಾಕಿದ ಯುಪಿಐ ರಸೀದಿ ಎರಡೂ ಇವೆ. ಅದರ ಸುದ್ದಿ ಹೇಗೋ ಅವನ ಕಿವಿಗೆ ಬಿದ್ದಿರಬೇಕು, ಮೊನ್ನೆ ಅವನೇ ಫೋನ್ ಮಾಡಿದ. "ಬನ್ನಿ ಅಣ್ಣ, ಒಂದು ಸರ್ವಿಸ್ ಫ್ರೀ ಮಾಡ್ಕೊಡ್ತೀನಿ." ಇಷ್ಟು ದಿನ ಸಾರ್ ಆಗಿದ್ದವನು ಈಗ ಅಣ್ಣ. ಆ ಗ್ಯಾರೇಜಿಗೆ ನನ್ನ ಗಾಡಿ ಇನ್ನೊಂದು ಸಲ ಬಿಡಬೇಕಂತೆ, ಅದೂ ಫ್ರೀಯಾಗಿ.