ಡಡಾರಿಯೊ ಕ್ರೋಮ್ಸ್ ಫ್ಲಾಟ್‌ವೂಂಡ್ ಬೇಸ್ ಸ್ಟ್ರಿಂಗ್: ಕಲಬುರಗಿ ಬಿಸಿಲು, ಧೂಳಿನಲ್ಲಿ ಮೂರು ವರ್ಷ ಬಳಸಿದ ಮೇಲೆ

ಬೇಸ್ ಗಿಟಾರಿನ ತಂತಿಗೂ ವಿಮರ್ಶೆ ಬರೀತಾರಾ ಅಂತ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್‌ನವರು ನಕ್ಕರು. ನಗಲಿ. ಗಿಟಾರ್, ಆಂಪ್, ಪೆಡಲ್ ಬಗ್ಗೆ ಬೇಕಾದಷ್ಟು ವಿಡಿಯೊ ಸಿಗುತ್ತವೆ. ಎಲ್ಲಾ ಎಸಿ ಹಾಕಿದ ರೂಮಿನಲ್ಲಿ ಮಾಡಿದ್ದು. ಮೇ ತಿಂಗಳಲ್ಲಿ ಕಲಬುರಗಿಯ ಶಾಮಿಯಾನದ ಕೆಳಗೆ, ರಾತ್ರಿ ಎಂಟಾದರೂ ಬಿಸಿಗಾಳಿ ನಿಲ್ಲದಾಗ ತಂತಿ ಏನಾಗುತ್ತೆ ಅಂತ ಅವರ್ಯಾರೂ ಹೇಳಲ್ಲ. ಹಾಗಾಗಿ ನಾನೇ ಬರೀತಿದ್ದೇನೆ.

ನನ್ನದು ಡಡಾರಿಯೊ ಕಂಪನಿಯ ಕ್ರೋಮ್ಸ್ ತಂತಿ, ಸೆಟ್ಟಿನ ನಂಬರ್ ಇಸಿಬಿ 81. ದಪ್ಪ 45ರಿಂದ 100 (ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ), ನಾಲ್ಕು ತಂತಿ, 34 ಇಂಚಿನ ಲಾಂಗ್ ಸ್ಕೇಲಿಗೆ, ಅಂದರೆ ತಂತಿ ಮಿಡಿಯುವ ಉದ್ದ ಅಷ್ಟಿರುವ ಬೇಸಿಗೆ. ಬೇಸ್ ಯಮಹಾ ಟಿಆರ್‌ಬಿಎಕ್ಸ್ 174. ಬ್ಯಾಟರಿ ಬೇಡದ ಪ್ಯಾಸಿವ್ ಬೇಸ್, ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು: ಮುಂದೆ ಪಿ, ಹಿಂದೆ ಜೆ. ನುಡಿಸೋದು ಮದುವೆ ರಿಸೆಪ್ಷನ್, ಗಣಪತಿ ಮಂಡಳಿ, ಜಾತ್ರೆ, ಒಮ್ಮೊಮ್ಮೆ ಕಾಲೇಜು ಫೆಸ್ಟ್. ನಮ್ಮ ಕಡೆ ಜನ ಒಂದೇ ರಾತ್ರಿ ಕನ್ನಡ, ಹಿಂದಿ, ಮರಾಠಿ ಮೂರೂ ಕೇಳ್ತಾರೆ. ನಡುವೆ ಯಾರಾದರೂ ಚೀಟಿ ಕಳಿಸಿ ಕವ್ವಾಲಿ ಹಾಡಿ ಅಂತಾರೆ. ಇಷ್ಟಕ್ಕೂ ಒಂದೇ ಬೇಸ್, ಒಂದೇ ತಂತಿ.

ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯವಾಗಿ ಅಂಗಡಿಯಿಂದ ಬರುವ ಬೇಸಿನಲ್ಲಿ ರೌಂಡ್‌ವೂಂಡ್ ತಂತಿ ಇರುತ್ತೆ. ಒಳಗೊಂದು ಉಕ್ಕಿನ ತಂತಿ, ಅದರ ಮೇಲೆ ದುಂಡನೆ ತಂತಿ ಸುತ್ತಿರ್ತಾರೆ. ಬೆರಳಾಡಿಸಿದರೆ ಗರಗರ ಅನ್ನುತ್ತೆ. ಫ್ಲಾಟ್‌ವೂಂಡಿನಲ್ಲಿ ಸುತ್ತೋದು ಚಪ್ಪಟೆ ಪಟ್ಟಿ. ಮೇಲ್ಮೈ ನುಣ್ಣಗೆ. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಇದ್ದದ್ದು ಫ್ಲಾಟ್‌ವೂಂಡೇ. ಆಮೇಲೆ 1966ರಲ್ಲಿ ಇಂಗ್ಲೆಂಡಿನ ದಿ ಹೂ ರಾಕ್ ಬ್ಯಾಂಡಿನ ಬೇಸ್ ವಾದಕ ಜಾನ್ ಎಂಟ್ವಿಸಲ್, ರೋಟೊಸೌಂಡ್ ಕಂಪನಿ ಜೊತೆ ಕೂತು ತನಗೆ ಬೇಕಾದ ಹಾಗೆ ಹೊಳಪಿನ, ಅಂದರೆ ಝಣ್ ಅನ್ನುವ ಸದ್ದಿನ ರೌಂಡ್‌ವೂಂಡ್ ಮಾಡಿಸಿಕೊಂಡ. ಅಲ್ಲಿಂದ ರಾಕ್‌ನವರೆಲ್ಲ ಆ ಕಡೆ ಹೋದರು. ಈಗ ಫ್ಲಾಟ್ ಅಂದರೆ ಹಳೆ ಕಾಲದವರ ತಂತಿ ಅನ್ನೋ ಹಾಗಾಗಿದೆ.

ನಾನು ಹಾಕಿಸಿದ್ದು ಹಳೆ ಕಾಲದ ಟೋನಿನ ಮೋಹಕ್ಕಲ್ಲ. ರೌಂಡ್‌ವೂಂಡಿಗೆ ದುಡ್ಡು ಸುರಿದು ಸಾಕಾಗಿತ್ತು. ನಮ್ಮೂರಲ್ಲಿ ಧೂಳು ಅಂದರೆ ಬರೀ ರಸ್ತೆ ಧೂಳಲ್ಲ. ಎರೆ ಮಣ್ಣಿನ ಹೊಲ, ಶಹಾಬಾದ್ ಕಲ್ಲಿನ ಪುಡಿ, ಸೇಡಂ ಕಡೆ ಹೋದರೆ ಸಿಮೆಂಟ್. ಕೈಯಲ್ಲಿ ಬೆವರು ಇಳೀತಾ ಇರುತ್ತೆ. ಬೆವರು, ಧೂಳು, ಬೆರಳಿನ ಸತ್ತ ಚರ್ಮ ಮೂರೂ ಸೇರಿ ಆ ಸುತ್ತುಗಳ ಸಂದಿಯಲ್ಲಿ ಕೂರುತ್ತೆ. ತಂತಿ ಒಂದು ಕಡೆ ಭಾರ, ಇನ್ನೊಂದು ಕಡೆ ಹಗುರ ಆಗುತ್ತೆ. ಹೊಳಪು ಹೋಗೋದು ಸರಿ, ಹನ್ನೆರಡನೇ ಫ್ರೆಟ್ಟಿನ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ಸ್ವರವೇ ಸ್ವಲ್ಪ ತಪ್ಪಿ ಕೇಳುತ್ತೆ. ಸೀಸನ್ ಶುರುವಿನಲ್ಲಿ ಝಣ್ ಅನ್ನುತ್ತಿದ್ದ ತಂತಿ ಕೆಲವೇ ವಾರದಲ್ಲಿ ಹಸಿ ಮಣ್ಣಿನ ಗೋಡೆಗೆ ಗುದ್ದಿದ ಹಾಗೆ ಸದ್ದು ಮಾಡುತ್ತೆ. ಕುದಿಯುವ ನೀರಿಗೆ ಹಾಕಿ ತೆಗೆದರೆ ಮತ್ತೆ ಸ್ವಲ್ಪ ದಿನ ಜೀವ ಬರುತ್ತೆ, ಅದು ನಿಜ. ಆದರೆ ಮನೇಲಿ ಸಾರಿನ ಪಾತ್ರೆ ಕೇಳಿ ನೋಡಿ, ಏನು ಉತ್ತರ ಸಿಗುತ್ತೆ ಅಂತ.

ಕ್ರೋಮ್ಸ್‌ನಲ್ಲಿ ಈ ತಾಪತ್ರಯ ಹೆಚ್ಚೂಕಡಿಮೆ ಮುಗೀತು. ಧೂಳು ಕೂರೋಕೆ ಸಂದಿಯೇ ಕಡಿಮೆ. ಸುತ್ತಿರೋದು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಹಾಗಾಗಿ ತುಕ್ಕಿನ ಕಾಟವೂ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹಳೆ ಪಂಚೆ ಬಟ್ಟೆ ತಂತಿಯ ಕೆಳಗೆ ತೂರಿಸಿ, ಬುಡದ ಬ್ರಿಡ್ಜ್‌ನಿಂದ ತಲೆ ಕಡೆಯ ನಟ್‌ವರೆಗೆ ಎರಡು ಸಲ ಎಳೀತೀನಿ. ಬಟ್ಟೆ ಮೇಲೆ ನಾಲ್ಕು ಕಪ್ಪು ಗೆರೆ ಬೀಳುತ್ತೆ. ಆರೈಕೆ ಅಂದರೆ ಇಷ್ಟೇ. ಮೂರು ವರ್ಷದ ಮೇಲಾಯ್ತು, ಅದೇ ಸೆಟ್ ಇನ್ನೂ ಬೇಸ್ ಮೇಲಿದೆ. ಎಲ್ಲಕ್ಕಿಂತ ತೆಳುವಾದ ಜಿ ತಂತಿಯಲ್ಲಿ ಮೊದಲ ಐದು ಫ್ರೆಟ್ ಹತ್ತಿರ, ಕೆಳಗಡೆ ಕಣ್ಣಿಟ್ಟು ನೋಡಿದರೆ ಸಣ್ಣ ತಗ್ಗು ಕಾಣುತ್ತೆ. ಸದ್ದಿನಲ್ಲಿ ಅದು ಗೊತ್ತಾಗಲ್ಲ.

ಹೊಸದರಲ್ಲಿ ಸದ್ದು ಹೇಗಿತ್ತು ಅನ್ನೋದೂ ಹೇಳಬೇಕು. ಫ್ಲಾಟ್‌ಗಳಲ್ಲಿ ಕ್ರೋಮ್ಸ್ ಸ್ವಲ್ಪ ಹೊಳಪು ಜಾಸ್ತಿ ಇರುವ ಪೈಕಿ. ಮೊದಲ ಒಂದೆರಡು ತಿಂಗಳು, ಇದೇನು ಫ್ಲಾಟ್ ಹೌದೋ ಅಲ್ಲವೋ ಅನಿಸುವಷ್ಟು ಚುರುಕು ಇರುತ್ತೆ. ಆಮೇಲೆ ಅದು ಇಳಿದು, ಕೂತ್ಕೊಂಡು ಬಿಡುತ್ತೆ. ಕೂತ ಮೇಲೆ ಅಲ್ಲೇ ನಿಲ್ಲುತ್ತೆ. ನನಗೆ ಬೇಕಾಗಿದ್ದು ಅದೇ. ದಸರಾದಲ್ಲಿ ಕೇಳಿದ ಸದ್ದೇ ಯುಗಾದಿಗೂ ಕೇಳಬೇಕು.

ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬರುತ್ತಲ್ಲ, ಆ ದಿನಗಳಲ್ಲಿ ಒಂದು ಕಾರ್ಯಕ್ರಮಕ್ಕೆ ದೊಡ್ಡ ಸೌಂಡ್ ಇತ್ತು. ಎರಡೂ ಬದಿ ಹದಿನೆಂಟು ಇಂಚಿನ ಡಬಲ್ ಬೇಸ್ ಬಾಕ್ಸ್. ಢೋಲಕ್‌ನವರು ಗಟ್ಟಿ ಕೈ. ರೌಂಡ್‌ವೂಂಡ್ ಇದ್ದಾಗ ನನ್ನ ಸ್ವರ ಉದ್ದಕ್ಕೆ ಎಳೆದು, ಢೋಲಕ್ಕಿನ ಎಡಗೈ ಪೆಟ್ಟಿನ ಮೇಲೆ ಬಿದ್ದು, ಎರಡೂ ಕಲಸಿಹೋಗೋದು. ಫ್ಲಾಟ್‌ನಲ್ಲಿ ಪೆಟ್ಟು ದಪ್ಪ, ಬಾಲ ಗಿಡ್ಡ. ದಮ್ ಅಂತ ಬಂದು ಜಾಗ ಬಿಟ್ಟುಕೊಡುತ್ತೆ. ಎರಡನೇ ಹಾಡಿಗೇ ಮಿಕ್ಸರ್ ಹತ್ತಿರ ಕೂತಿದ್ದ ಸೌಂಡ್ ಹುಡುಗ ವೇದಿಕೆ ಪಕ್ಕಕ್ಕೆ ಬಂದ. "ಅಣ್ಣಾ, ಇವತ್ತ ಬೇಸ್ ಛಲೋ ಕೇಳ್ಸಲತ್ತದ. ಮಷೀನ್ ಬದ್ಲಿ ಮಾಡೀರೇನು?" ಅಂದ. ತಂತಿ ಅಷ್ಟೇ ಕಣಪ್ಪಾ ಅಂದರೆ ನಂಬಲಿಲ್ಲ.

ಇಷ್ಟು ಹೊಗಳಿದ ಮೇಲೆ ತೊಂದರೆ ಎಲ್ಲಿ ಅಂತಲೂ ಹೇಳ್ತೀನಿ. ಇದು ಎಲ್ಲಾ ಫ್ಲಾಟ್‌ವೂಂಡಿಗೂ ಸೇರಿದ ಮಾತು, ಈ ಕಂಪನಿಯದಷ್ಟೇ ಅಲ್ಲ. ಬೇಸಿನ ಕೆಳಗಿನ ಇ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಸಣ್ಣ ಮನೆ ಕಾರ್ಯಕ್ರಮ, ಹಳದಿ, ತೊಟ್ಟಿಲು ಅಂದರೆ ಬರೋದು ಎರಡು ಸಣ್ಣ ಸ್ಪೀಕರ್. ಅದಕ್ಕೆ 41 ಹರ್ಟ್ಸ್ ಹೊರಡಿಸೋ ತಾಕತ್ತೇ ಇಲ್ಲ. ರೌಂಡ್‌ವೂಂಡ್ ಆದರೆ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಜೊತೆ ಹುಟ್ಟುವ ಎತ್ತರದ ಸ್ವರಗಳು) ಜೋರಾಗಿ ಇರುತ್ತವೆ, ಅದನ್ನು ಹಿಡಿದು ಕಿವಿ ಕೆಳಗಿನ ಸ್ವರವನ್ನೂ ಊಹಿಸಿಕೊಳ್ಳುತ್ತೆ. ಫ್ಲಾಟ್‌ನಲ್ಲಿ ಆ ಮೇಲಿನ ಭಾಗವೇ ಕಡಿಮೆ. ಸಣ್ಣ ಸ್ಪೀಕರಿನಲ್ಲಿ ಬೇಸ್ ಇದೆಯೋ ಇಲ್ಲವೋ ಅನ್ನೋ ಹಾಗಾಗುತ್ತೆ. ನಾನು ಮಾಡೋದು ಇಷ್ಟು: ಹಿಂದಿನ ಜೆ ಪಿಕಪ್ ಪೂರ್ತಿ, ಟೋನ್ ಪೂರ್ತಿ ತೆರೆದು, ಮಿಕ್ಸರಿನಲ್ಲಿ 80 ಹರ್ಟ್ಸ್ ಸುತ್ತ ಕಡಿಮೆ ಮಾಡಿ 700, 800 ಹರ್ಟ್ಸ್ ಹತ್ತಿರ ಸ್ವಲ್ಪ ಎತ್ತಿಸ್ತೀನಿ. ಸಾಧ್ಯವಾದ ಕಡೆ ಒಂದು ಸಪ್ತಕ ಮೇಲೆ ನುಡಿಸ್ತೀನಿ. ನಡೆಯುತ್ತೆ. ಆದರೆ ತಿಂಗಳಿಗೆ ಬರೋ ಕಾರ್ಯಕ್ರಮದಲ್ಲಿ ಮುಕ್ಕಾಲು ಪಾಲು ಇಂಥ ಸಣ್ಣವೇ ಇದ್ದರೆ ಈ ತಂತಿ ತಗೋಬೇಡಿ. ರೌಂಡ್‌ವೂಂಡೇ ಇರಲಿ.

ಸ್ಲ್ಯಾಪ್, ಅಂದರೆ ತಂತಿಗೆ ಹೆಬ್ಬೆರಳಲ್ಲಿ ಹೊಡೆದು ನುಡಿಸೋರಿಗೂ ಇದಲ್ಲ. ಕಾಲೇಜು ಹುಡುಗರು ಹೆಬ್ಬೆರಳಲ್ಲಿ ಹೊಡೆದು ತೋರಿಸಿ ಅಂತ ಕೂಗ್ತಾರೆ, ಹೊಡೆದರೆ ಟಪ್ ಅಂತಷ್ಟೇ ಬರುತ್ತೆ. ಬಿಗಿತವೂ ಜಾಸ್ತಿ. ಮೊದಮೊದಲು ಎಡಗೈ ಕಿರುಬೆರಳು ನೋಯುತ್ತೆ.

ಹಾಕುವಾಗ ಎರಡು ವಿಷಯ ಗಮನ ಇರಲಿ. ಪೆಗ್ಗಿನ ತೂತಿಗೆ ಎಷ್ಟು ಉದ್ದ ಬೇಕು ಅಂತ ಅಳತೆ ನೋಡಿ, ಕತ್ತರಿಸುವ ಜಾಗದಲ್ಲಿ ಮೊದಲು ತಂತಿಯನ್ನು ಇಕ್ಕಳದಿಂದ ನೇರ ಕೋನಕ್ಕೆ ಬಗ್ಗಿಸಿ, ಆಮೇಲೆ ಬಾಗಿದ ಜಾಗದ ಆಚೆ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಮೇಲಿನ ಪಟ್ಟಿ ಸಡಿಲಾಗಿ ಒಳಗಿನ ತಂತಿ ಮೇಲೆ ಜಾರುತ್ತೆ, ಆ ತಂತಿ ಸತ್ತ ಹಾಗೇ. ಎರಡನೆಯದು ಟ್ರಸ್ ರಾಡ್, ನೆಕ್ ಒಳಗಿದ್ದು ಅದರ ಬಾಗು ಸರಿಮಾಡುವ ಲೋಹದ ಸರಳು. ಬಿಗಿತ ಜಾಸ್ತಿ ಇರೋದರಿಂದ ನೆಕ್ ಮುಂದಕ್ಕೆ ಬಾಗುತ್ತೆ, ತಂತಿ ಎತ್ತರ ಆಗುತ್ತೆ. ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಟ್ಟು ನೋಡಿ, ಬೇಕಾದರೆ ಇನ್ನೂ ಸ್ವಲ್ಪ. ಒಂದೇ ಸಲಕ್ಕೆ ತಿರುಗಿಸೋ ಧೈರ್ಯ ಬೇಡ. ಬೇಸಿಗೆಯಲ್ಲಿ ನಮ್ಮ ಒಣ ಹವೆಗೆ ಮರ ಬೇರೆ ಕುಗ್ಗುತ್ತೆ, ಫ್ರೆಟ್ಟಿನ ಅಂಚು ಕೈಗೆ ತಾಗುತ್ತೆ. ಅದನ್ನೂ ತಂತಿಯ ತಲೆಗೆ ಕಟ್ಟಬೇಡಿ. ಬಿಸಿಗೆ ಉಕ್ಕು ಹಿಗ್ಗಿ ಶ್ರುತಿ ಇಳಿಯೋದು ಯಾವ ತಂತಿಯಲ್ಲೂ ಇದ್ದದ್ದೇ. ವೇದಿಕೆಯ ಲೈಟ್ ಹೊತ್ತಿ ಹತ್ತು ನಿಮಿಷ ಆದ ಮೇಲೆ ಇನ್ನೊಂದು ಸಲ ಶ್ರುತಿ ಮಾಡಿ.

ಬೇಸ್ ನುಡಿಸೋರು ನಮ್ಮಲ್ಲಿ ಬೆರಳೆಣಿಕೆ. ಸೂಪರ್ ಮಾರ್ಕೆಟ್ ಹತ್ತಿರ ಚಹಾದ ಅಂಗಡಿಯಲ್ಲಿ ಮೂರು ಜನ ಸೇರಿದರೆ ಊರಿನ ಅರ್ಧ ಬೇಸ್ ಅಲ್ಲೇ ಕೂತ ಹಾಗೆ. ಮೊದಲ ಮಾತು ಯಾವಾಗಲೂ ಪೇಮೆಂಟ್ ಬಗ್ಗೆ. ಬಜೆಟ್ ಕಡಿಮೆ ಅಂದ ಕೂಡಲೇ ಪಾರ್ಟಿಯವರು ಮೊದಲು ಕಡಿಮೆ ಮಾಡೋದು ಬೇಸ್‌ನವನನ್ನೇ. ಕೀಬೋರ್ಡ್‌ನವರ ಎಡಗೈ ಇದೆಯಲ್ಲ ಅಂತಾರೆ. ಅದೇನೋ ಇದೆ. ಆದರೆ ಎಡಗೈ ಬೇಸಿಗೆ ಢೋಲಕ್ ಜೊತೆ ಉಸಿರಾಡೋಕೆ ಬರಲ್ಲ, ಈ ವಿಷಯದಲ್ಲಿ ನಾನು ಪಕ್ಷಪಾತಿ.

ಆಮೇಲೆ ತಂತಿ ಜಗಳ. ಒಬ್ಬರು ಅಮೆರಿಕದ ಬೇಸ್ ವಾದಕ ಜೇಕೊ ಪಾಸ್ಟೋರಿಯಸ್ ಭಕ್ತರು. ಫ್ರೆಟ್ ಕಿತ್ತು, ದೋಣಿಗೆ ಹಚ್ಚುವ ಎಪಾಕ್ಸಿ ಬಳಿದು, ಅದರ ಮೇಲೆ ರೌಂಡ್‌ವೂಂಡ್ ನುಡಿಸಿದ ಮನುಷ್ಯ ಆತ. ಆ ಹಾಡುವ ಸ್ವರ ಫ್ಲಾಟ್‌ನಲ್ಲಿ ಎಲ್ಲಿಂದ ಬರ್ತದ ಅಂತ ಇವರ ವಾದ. ನಾನು ಜೇಮ್ಸ್ ಜೇಮರ್ಸನ್ ಕಡೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ 1960ರ ದಶಕದ ಹಾಡುಗಳ ಬೆನ್ನೆಲುಬು ಆತ. 1962ರ ಪ್ರಿಸಿಷನ್ ಬೇಸ್, ದಪ್ಪ ಲಾ ಬೆಲ್ಲಾ ಫ್ಲಾಟ್‌ವೂಂಡ್, ಬಲಗೈಯಲ್ಲಿ ಒಂದೇ ತೋರುಬೆರಳು. ತಂತಿ ಹರಿಯೋವರೆಗೂ ಬದಲಾಯಿಸುತ್ತಿರಲಿಲ್ಲ. ಕಲಬುರಗಿಗೆ ಹೇಳಿ ಮಾಡಿಸಿದ ಮನುಷ್ಯ ಅಲ್ವಾ? ಫ್ಲಾಟ್ ಅಂದರೆ ಮುದುಕರ ತಂತಿ ಅಂತ ಒಬ್ಬ ಹುಡುಗ ಅಂದ, ಮೈಮೇಲೆ ಐರನ್ ಮೇಡನ್ ಅನ್ನೋ ಹೆವಿ ಮೆಟಲ್ ಬ್ಯಾಂಡಿನ ಟೀ ಶರ್ಟ್. ಆ ಬ್ಯಾಂಡಿನ ಸ್ಟೀವ್ ಹ್ಯಾರಿಸ್ ಬೇಸಿನಲ್ಲಿ ಇರೋದೂ ಫ್ಲಾಟ್‌ವೂಂಡೇ ತಮ್ಮಾ ಅಂದೆ. 2007ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಅವರ ಕಾರ್ಯಕ್ರಮದಲ್ಲಿ ಕೇಳಿದ, ಕುದುರೆ ಓಟದ ಹಾಗೆ ಕಟಕಟ ಅನ್ನೋ ಆ ಬೇಸ್ ಫ್ಲಾಟ್ ಮೇಲಿನದು. ಹುಡುಗ ಫೋನ್ ತೆಗೆದು ನೋಡಿ ಸುಮ್ನಾದ.

ಮೊದಲಾದರೆ ಇವೆಲ್ಲ ತಿಳಿಯೋಕೆ ಪತ್ರಿಕೆ ಹುಡುಕಬೇಕಿತ್ತು. ಹೈದರಾಬಾದಿನ ಅಬಿಡ್ಸ್‌ನಲ್ಲಿ ರವಿವಾರ ಫುಟ್‌ಪಾತ್ ಮೇಲೆ ಹರಡುವ ಹಳೆ ಪುಸ್ತಕದಲ್ಲಿ ಅಮೆರಿಕದ 'ಬೇಸ್ ಪ್ಲೇಯರ್' ಸಂಚಿಕೆ ಸಿಕ್ಕರೆ ಹಬ್ಬ. 1993ರಲ್ಲಿ ಅಲಹಾಬಾದಿನಿಂದ ಶುರುವಾದ 'ರಾಕ್ ಸ್ಟ್ರೀಟ್ ಜರ್ನಲ್' ಒಂದು ಕೈಗೆ ಬಂದರೆ ಹತ್ತು ಕೈ ತಿರುಗುತ್ತಿತ್ತು. ಬೀದರಿನ ಚರ್ಚ್ ಕ್ವಾಯರ್‌ನಲ್ಲಿ ನುಡಿಸುವ ಗೆಳೆಯ ಇನ್ನೂ ಅವನ್ನು ರಟ್ಟು ಹಾಕಿಸಿ ಇಟ್ಟಿದ್ದಾರೆ. ಆದರೆ ನನ್ನ ಕಿವಿ ತಿದ್ದಿದ್ದು ಪತ್ರಿಕೆ ಅಲ್ಲ, ಇಳಯರಾಜ. 1980ರ ದಶಕದಲ್ಲಿ ಅವರು ಕನ್ನಡಕ್ಕೆ ಕೊಟ್ಟ ಯಾವ ಹಾಡನ್ನಾದರೂ ಹೆಡ್‌ಫೋನ್ ಹಾಕಿ ಕೇಳಿ. ಬೇಸ್ ಹಿಂದೆ ನಿಂತಿರಲ್ಲ, ಗಾಯಕರ ಜೊತೆ ಮಾತಾಡ್ತಾ ಇರುತ್ತೆ. ಅಂಥ ಹಾಡಿನಲ್ಲಿ ಎ ತಂತಿಯ ಐದನೇ ಫ್ರೆಟ್ಟಿನಿಂದ ಒಂಬತ್ತಕ್ಕೆ ಜಾರುವಾಗ ಕೀಂಯ್ ಅನ್ನೋ ಸದ್ದು ಬರಬಾರದು. ಕ್ರೋಮ್ಸ್‌ನಲ್ಲಿ ಬರಲ್ಲ. ನಮ್ಮ ಗಾಯಕರು ಹೇಳಿದ್ದು ಇದೊಂದೇ ಪ್ರಶಂಸೆ: "ಈಗ ನಿಮ್ಮ ಕೈ ಕೇಳ್ಸಂಗಿಲ್ಲ, ಸ್ವರ ಕೇಳ್ಸ್ತದ."

ಬೆಲೆ ಸಾಧಾರಣ ರೌಂಡ್‌ವೂಂಡ್ ಸೆಟ್ಟಿನ ಸುಮಾರು ಎರಡರಷ್ಟು. ವರ್ಷಕ್ಕೆ ಮೂರು ನಾಲ್ಕು ಸೆಟ್ ಬದಲಾಯಿಸುತ್ತಿದ್ದವನಿಗೆ ಇದು ಉಳಿತಾಯವೇ. ಕಲಬುರಗಿ ಅಂಗಡಿಗಳಲ್ಲಿ ಆರು ತಂತಿಯ ಗಿಟಾರ್ ಸ್ಟ್ರಿಂಗ್ ಸಿಗುತ್ತೆ, ಬೇಸ್ ಫ್ಲಾಟ್ ಕೇಳಿದರೆ ಮುಖ ನೋಡ್ತಾರೆ. ಆನ್‌ಲೈನ್ ತರಿಸಿ, ಇಲ್ಲಾ ಹೈದರಾಬಾದ್, ಬೆಂಗಳೂರಿಗೆ ಹೋಗುವವರಿಗೆ ಹೇಳಿ. ಅರ್ಧ ಬೆಲೆಗೆ ಕೊಡ್ತೀವಿ ಅನ್ನೋರ ಹತ್ತಿರ ಹೋಗಬೇಡಿ, ನಕಲಿ ಮಾಲು ಬರುತ್ತೆ. ಹಾಗೆ ಅಗ್ಗಕ್ಕೆ ತರಿಸಿದ ಸೆಟ್ ಒಂದು ನಮ್ಮ ಗೆಳೆಯರ ಬೇಸ್ ಮೇಲೆ ಮೊದಲ ದಿನವೇ ಶ್ರುತಿ ನಿಲ್ಲದೆ ಕೈಕೊಟ್ಟಿತು. ಅಸಲಿ ಪ್ಯಾಕಿನೊಳಗೆ ಕಂಪನಿ ವೆಬ್‌ಸೈಟಿನಲ್ಲಿ ಹಾಕಿ ನೋಡುವ ಕೋಡ್ ಇರುತ್ತೆ.

ಮುಂದಿನ ಸೆಟ್ಟಿಗೂ ಕ್ರೋಮ್ಸೇ ತಗೋತೀನಿ, ಆದರೆ ಈ ಸಲ 50ರಿಂದ 105ರದ್ದು. ಗಣಪತಿ ಕಾರ್ಯಕ್ರಮಗಳಲ್ಲಿ ಗಾಯಕಿಯರ ಶ್ರುತಿಗೆ ಅರ್ಧ ಸ್ವರ ಇಳಿಸಬೇಕಾಗುತ್ತೆ, ಆಗ ದಪ್ಪ ತಂತಿ ಸಡಿಲ ಬೀಳಲ್ಲ. ಐದು ತಂತಿಯ ಬೇಸ್ ಇರುವವರಿಗೆ 45ರಿಂದ 132ರ ಸೆಟ್ ಬರುತ್ತೆ. ಬೀದರಿನ ಗೆಳೆಯರು ಅದನ್ನೇ ಹಾಕಿದ್ದಾರೆ. ಚರ್ಚಿನ ಒಳಗೆ ಆ ಬಿ ತಂತಿ ತುಂಬಾ ಚೆನ್ನಾಗಿ ಕೂರುತ್ತೆ ಅಂತಾರೆ, ನಾನು ಬರೀ ಅವರ ಫೋನ್ ರೆಕಾರ್ಡಿಂಗಿನಲ್ಲಿ ಕೇಳಿದ್ದು. ಡಿಸೆಂಬರ್ ಕ್ಯಾರಲ್‌ಗೆ ಹೋದಾಗ ಕೈಗೆ ತಗೊಂಡು ನೋಡಿ, ಅದರ ಬಗ್ಗೆ ಬೇರೆಯೇ ಬರೀತೀನಿ.