ಹಳೆ ಕಾರಿನ ಹಿಂದಿನ ಗಾಜು: ಪಾಲಿಯುರೆಥೇನ್, ಬ್ಯುಟೈಲ್, ಸಿಲಿಕೋನ್

ಕಾರವಾರದಲ್ಲಿ ಹಳೆಯ ಪೋರ್ಷೆ 944 ಇದೆ, ಜೂನ್ ಮಳೆಗೆ ಮೊದಲು ಹಿಂದಿನ ಗಾಜಿನ ಸೋರಿಕೆ ನಿಲ್ಲಬೇಕು, ಯಾವ ಅಂಟು ಹಾಕಲಿ ಎಂದು ಕೇಳಿದ್ದೀರಿ.

ಮೊದಲು ಮೂಲೆಗಳನ್ನು ನೋಡಿ. ಈ ಕಾರಿನಲ್ಲಿ ಗಾಜು ಲೋಹದ ಚೌಕಟ್ಟಿಗೆ ಅಂಟಿಕೊಂಡಿದೆ. ಹಿಂದಿನ ಬಾಗಿಲೆತ್ತುವ ಗ್ಯಾಸ್ ಸ್ಟ್ರಟ್ (ಅನಿಲ ತುಂಬಿದ ಕಂಬಿ) ಆ ಚೌಕಟ್ಟನ್ನು ದೂಡುತ್ತಲೇ ಇರುತ್ತದೆ. ಅಂಟು ನೀರು ತಡೆದರೆ ಸಾಲದು, ಭಾರವನ್ನೂ ಹಿಡಿಯಬೇಕು ಅಲ್ವಾ?

ಗಾಜಿನಿಂದ ಚೌಕಟ್ಟು ಬಿಟ್ಟುಕೊಂಡಿದ್ದರೆ ಪಾಲಿಯುರೆಥೇನ್ ಅಂಟು ಹಾಕಿಸಿ. ಖರ್ಚು ಜಾಸ್ತಿ, ಅಂಟಿಗೆ ಮೊದಲು ಬಳಿಯುವ ಪ್ರೈಮರ್ ಬೇಕು, ಗಾಜೆತ್ತಲು ಇಬ್ಬರು ಬೇಕು. ಇದು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ಹಾಗಾಗಿ ನಮ್ಮ ಕರಾವಳಿ ಹವೆ ಒಳ್ಳೆಯದೇ. ಆದರೆ ಅಂಟುವ ಜಾಗ ಪೂರ್ತಿ ಒಣಗಿರಬೇಕು. ಬೆರಳಿಂದ ಅಂಚು ಸವರಿ ನೋಡಿ, ಸಮುದ್ರದ ಉಪ್ಪು ಜಿಗುಟಾಗಿ ತಾಗುತ್ತದೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಸ್ಪಿರಿಟ್‌ನಿಂದ ಒರೆಸಿ.

ಬ್ಯುಟೈಲ್ ಟೇಪ್, ಅಂದರೆ ಮೆತ್ತನೆಯ ರಬ್ಬರ್ ಅಂಟುಪಟ್ಟಿ, ಅಗ್ಗ, ಸುಲಭ, ಮತ್ತೆ ಬಿಚ್ಚಬಹುದು. ಆದರೆ ಅದು ಎಂದೂ ಗಟ್ಟಿಯಾಗುವುದಿಲ್ಲ, ಬಿಸಿಲಲ್ಲಿ ಇನ್ನೂ ಮೆತ್ತಗಾಗುತ್ತದೆ. ಸ್ಟ್ರಟ್ ದೂಡುವ ಗಾಜಿಗೆ ಬೇಡ. ಭಾರ ಬೀಳದ, ಪಕ್ಕದ ಸಣ್ಣ ಗಾಜಿಗೆ ಸರಿ.

ಸಿಲಿಕೋನ್ ಬೇಗ ಮುಗಿಯುವ ಕೆಲಸ. ವಿನೆಗರ್ ವಾಸನೆಯದ್ದು ಮಾತ್ರ ತರಬೇಡಿ, ಲೋಹವನ್ನು ತಿನ್ನುತ್ತದೆ. ಅಂಟು ಗಟ್ಟಿಯಿದ್ದು ಒಂದೇ ಸಣ್ಣ ಬಿರುಕಿನಲ್ಲಿ ನೀರು ಬರುತ್ತಿದ್ದರೆ ಆ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಸಾಕು. ಮುಂದೆ ಗಾಜು ಬಿಚ್ಚಿ ಕೂರಿಸುವ ಯೋಚನೆಯಿದ್ದರೆ ಅದೂ ಬೇಡ. ಸಿಲಿಕೋನ್ ಪಸೆ ಉಳಿದ ಕಡೆ ಪಾಲಿಯುರೆಥೇನ್ ಹಿಡಿಯುವುದಿಲ್ಲ.